ಹಗುರ ಕೋವಿಗೆ ಎಂಥ ದುರ್ಬೀನು?

ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನಕ್ಕೆ ಬರುವ ಯಾತ್ರಿಕರಲ್ಲಿ ಹಲವರು ಹತ್ತಿರದ ತೀತಾ ಜಲಾಶಯವನ್ನೂ ನೋಡಿಕೊಂಡು ಹೋಗುತ್ತಾರೆ. ಮಾಘಮಾಸದ ಒಂದು ಸಂಜೆ ನಾವೂ ಅದರ ಏರಿಯ ಮೇಲೆ ಕುಳಿತಿದ್ದೆವು. ನಮ್ಮ ಜೊತೆಯಲ್ಲಿ ಎರಡು ಜೋಡಿ ದುರ್ಬೀನುಗಳಿದ್ದವು. ಒಂದರ ಮೈಮೇಲೆ 12×25 ಎಂದೂ ಇನ್ನೊಂದರ ಮೈಮೇಲೆ 7×35 ಎಂದೂ ಬರೆದಿತ್ತು. ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಕಳೆದಿರಬಹುದು. ಎದುರು ದಡದ ಜಾಲಿಯ ಪೊದೆಗಳೊಳಗಿಂದ ಕಪ್ಪನೆಯದೊಂದು ಹೊರಬಂದು ನೀರಿನತ್ತ ಇಳಿಯಿತು. ನಾಯಿಯೋ, ಹಂದಿಯೋ, ಚಿರತೆಯೋ? ನಮ್ಮೊಡನಿದ್ದ ಕಾಲೇಜು ವಿದ್ಯಾರ್ಥಿ ಥಟ್ಟನೆ ಹನ್ನೆರಡು ಪಟ್ಟು ಹಿಗ್ಗಿಸಿ ತೋರಿಸುವ ದುರ್ಬೀನನ್ನು ಕಣ್ಣಿಗೇರಿಸಿದ. ಬಹಳ ಹೊತ್ತು ನೋಡಿ, "ದೊಡ್ಡದಾಗಿಯೇನೋ ಕಾಣುತ್ತದೆ, ಏನೆಂದು ಮಾತ್ರ ತಿಳಿಯುವುದಿಲ್ಲ" ಎಂದ. ಏಳು ಪಟ್ಟಿನದರಲ್ಲಿ ನಾವು ನೋಡಿದೆವು. ಅದು ಎಮ್ಮೆಯ ಕರು. ಜೋತುಬಿದ್ದ ಕಿವಿಗಳು ಸಹ ಸ್ಪಷ್ಟವಾಗಿದ್ದವು.

ಆ ವಿದ್ಯಾರ್ಥಿಯ ಕೈಯಲ್ಲಿದ್ದುದು ನೋಡುವ ದುರ್ಬೀನು ಮಾತ್ರ. ಅದೇ ಒಂದು ಕೋವಿಯ ಮೇಲೆ ಕೂಡಿಸಿದ ದುರ್ಬೀನಾಗಿದ್ದು, ನೋಡುತ್ತಿದ್ದವನ ಬೆರಳು ಕುದುರೆಯ ಮೇಲಿದ್ದಿದ್ದರೆ? ಹಿಂದಿರುಗುವ ದಾರಿಯಲ್ಲಿ ಅವನು ಕೇಳಿದ ಪ್ರಶ್ನೆಯೂ ಇದಕ್ಕೆ ಸಂಬಂಧಿಸಿದ್ದೇ ಆಗಿತ್ತು. ವಿದೇಶದ ಜಾಹೀರಾತುಗಳಲ್ಲಿ ಹಗುರವಾದ ಬೇಟೆಯ ಕೋವಿಗಳ ಮೇಲೆ ಇಪ್ಪತ್ತು, ಇಪ್ಪತ್ತನಾಲ್ಕು ಪಟ್ಟಿನ ಭಾರಿ ದುರ್ಬೀನುಗಳನ್ನು ಕೂಡಿಸಿರುವುದನ್ನು ಅವನು ಕಂಡಿದ್ದ. ಪಟ್ಟು ಹೆಚ್ಚಿದಷ್ಟೂ ಗುರಿ ಚೆನ್ನಾಗುತ್ತದೆಯೇ? ಈ ಲೇಖನ ಅವನಿಗೆ ನಾವು ಕೊಟ್ಟ ಉತ್ತರದ ವಿಸ್ತೃತ ರೂಪ.

ಮೊದಲಿಗೇ ಒಂದು ಮಾತು ಹೇಳಿಬಿಡಬೇಕು. ನಮ್ಮ ದೇಶದಲ್ಲಿ ವಿನೋದಕ್ಕಾಗಿ ಬೇಟೆಯಾಡುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ಬಿಗಿಯಾದ ಕಟ್ಟಿಗೆ ಒಳಪಡಿಸಿತು; 1991ರ ತಿದ್ದುಪಡಿ ಬೇಟೆಯ ಪರವಾನಗಿಗಳನ್ನೇ ತೆಗೆದುಹಾಕಿತು. ಮನುಷ್ಯನ ಜೀವಕ್ಕೆ ಅಪಾಯಕಾರಿಯಾದ ಪ್ರಾಣಿಯೇ ಮೊದಲಾದ ಕೆಲವೇ ವಿಷಯಗಳಲ್ಲಿ, ಅದೂ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆಜ್ಞೆಯ ಮೇಲೆ, ಕೋವಿ ಎತ್ತಲು ಅವಕಾಶವುಂಟು. ಗಾಳಿಕೋವಿಯಿಂದ ಪಾರಿವಾಳ ಹೊಡೆಯುವ ಹುಡುಗನೂ ಈ ನಿಷೇಧಕ್ಕೆ ಹೊರತಲ್ಲ. ಹಾಗಾದರೆ ಬೇಟೆಯ ದುರ್ಬೀನಿನ ವಿಚಾರ ನಮಗೇಕೆ ಎಂದು ಓದುಗರು ಕೇಳಬಹುದು. ಬೇಟೆ ನಿಂತರೂ ಪ್ರಶ್ನೆ ನಿಂತಿಲ್ಲ. ಊರಿಗೆ ನುಗ್ಗಿದ ಚಿರತೆಗೆ ಅರಿವಳಿಕೆಯ ಬಾಣ ಹೊಡೆಯುವ ಪಶುವೈದ್ಯನ ಮುಂದೆ ಅದು ಇಂದಿಗೂ ನಿಂತಿದೆ. ಅಲ್ಲದೆ ಬೆಳಕು, ಕಣ್ಣು, ಜಡತ್ವ ಇವು ಮೂರೂ ಒಂದೇ ಉಪಕರಣದಲ್ಲಿ ಕೂಡಿ ಜಗಳವಾಡುವ ಇಂಥ ಉದಾಹರಣೆ ಭೌತವಿಜ್ಞಾನದ ವಿದ್ಯಾರ್ಥಿಗೆ ಸುಲಭವಾಗಿ ಸಿಕ್ಕುವುದಿಲ್ಲ.

ಈ ಸೀಮೆಗೆ ಬೇಟೆಯ ಕಥೆಗಳು ಹೊಸವಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ದೇವರಾಯನದುರ್ಗದ ಹುಲಿಯೊಂದರ ಪ್ರಸಂಗವನ್ನು ಹೇಳಿದ್ದಾರೆ. ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕಥೆಗಳು' ಓದಿದವರಿಗೆ ಆಂಡರ್ಸನ್ನರ ಹೆಸರು ಚೆನ್ನಾಗಿ ಗೊತ್ತು. ಅವರು ನೆಚ್ಚಿದ್ದುದು 0.405 ಅಂಗುಲದ ವಿಂಚೆಸ್ಟರ್ ಕೋವಿಯನ್ನು. ಇನ್ನೊಂದು ಕಡೆ, 1907ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದ ಜಿಮ್ ಕಾರ್ಬೆಟ್ಟರಿಗೆ ಬಹುಮಾನವಾಗಿ ಬಂದುದು ರಿಗ್ಬಿ ಕಂಪನಿಯ 0.275 ಅಂಗುಲದ ಹಗುರ ಕೋವಿ. ಆ ಕಾಲದ ಬೇಟೆಗಾರರಲ್ಲಿ ಬಹುಪಾಲು ಮಂದಿ ಗುರಿ ಹಿಡಿಯುತ್ತಿದ್ದುದು ನಳಿಗೆಯ ಹಿಂದಿನ ಕಚ್ಚು ಮತ್ತು ಮುಂದಿನ ಕಬ್ಬಿಣದ ಮಣಿಯ ಸಹಾಯದಿಂದ. ಈ ಏರ್ಪಾಡಿನಲ್ಲಿ ಒಂದು ಮೂಲಭೂತ ತೊಡಕಿದೆ. ಕಚ್ಚು ಕಣ್ಣಿನಿಂದ ಒಂದು ಮೊಳದ ದೂರದಲ್ಲಿ, ಮಣಿ ಎರಡು ಮೊಳದ ದೂರದಲ್ಲಿ, ಪ್ರಾಣಿ ನೂರು ಗಜದ ದೂರದಲ್ಲಿ. ಕಣ್ಣಿನ ಮಸೂರ ಒಂದು ಸಲಕ್ಕೆ ಒಂದೇ ದೂರಕ್ಕೆ ಹೊಂದಿಕೊಳ್ಳಬಲ್ಲುದು. ಮೂರರಲ್ಲಿ ಎರಡು ಯಾವಾಗಲೂ ಮಸುಕು. ನಲವತ್ತು ದಾಟಿದ ಬೇಟೆಗಾರನಿಗಂತೂ ಕಚ್ಚು ಇಲ್ಲವೆಂದೇ ತಿಳಿಯಬೇಕು!

ದುರ್ಬೀನು ಪರಿಹರಿಸಿದ್ದು ಮೊದಲು ಈ ತೊಡಕನ್ನು. ಹಿಗ್ಗಿಸುವುದು ಅದರ ಎರಡನೆಯ ಉಪಕಾರ. ಇದರ ಹಿಂದೆ ಸೊಗಸಾದ ಇತಿಹಾಸವಿದೆ. ಎರಡು ಉಬ್ಬು ಮಸೂರಗಳ ದೂರದರ್ಶಕವನ್ನು ಕೆಪ್ಲರ್ 1611ರಲ್ಲಿ ವಿವರಿಸಿದ್ದ. ಅದರಲ್ಲಿ ವಸ್ತುಮಸೂರ ಕೊಳವೆಯ ಒಳಗೇ ಒಂದು ನಿಜಬಿಂಬವನ್ನು ಮೂಡಿಸುತ್ತದೆ. ನೇತ್ರಮಸೂರ ಆ ಬಿಂಬವನ್ನು ಹಿಗ್ಗಿಸಿ ತೋರಿಸುತ್ತದೆ. 1640ರ ಸುಮಾರಿನಲ್ಲಿ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯ್ನ್ ಎಂಬ ತರುಣ ಖಗೋಳಜ್ಞನ ದೂರದರ್ಶಕದೊಳಗೆ ಜೇಡವೊಂದು ನೂಲು ಎಳೆಯಿತು. ನೂಲು ಬಿದ್ದುದು ಸರಿಯಾಗಿ ಬಿಂಬ ಮೂಡುವ ತಾಣದಲ್ಲಿ. ಕಣ್ಣಿಟ್ಟು ನೋಡಿದಾಗ ಆಕಾಶದ ವಸ್ತುವೂ ಜೇಡನ ನೂಲೂ ಏಕಕಾಲದಲ್ಲಿ ಚೊಕ್ಕಟವಾಗಿ ಕಂಡವು. ಇಂದಿನ ಕೋವಿಯ ದುರ್ಬೀನಿನೊಳಗಿನ ಕೂಡುಗೆರೆ ಆ ಜೇಡನ ನೂಲಿನ ವಂಶದ್ದೇ. ಗೆರೆ ಮತ್ತು ಗುರಿ ಎರಡೂ ಒಂದೇ ತಳದಲ್ಲಿರುವುದರಿಂದ ಕಣ್ಣಿಗೆ ಹಿಂದುಮುಂದು ಓಡಾಡುವ ಶ್ರಮವಿಲ್ಲ. ಕೆಪ್ಲರನ ಬಿಂಬ ತಲೆಕೆಳಗು. ಅದನ್ನು ನೆಟ್ಟಗೆ ನಿಲ್ಲಿಸಲು ಕೋವಿಯ ದುರ್ಬೀನಿನ ನಡುವೆ ಇನ್ನೊಂದು ಜೋಡಿ ಮಸೂರಗಳನ್ನು ಸೇರಿಸುತ್ತಾರೆ.

ಮಸೂರಗಳು ಹೆಚ್ಚಿದಂತೆ ಬೆಳಕಿನ ತೆರಿಗೆಯೂ ಹೆಚ್ಚುತ್ತದೆ. ಬರಿಯ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 4ರಷ್ಟನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಹನ್ನೆರಡು ಮೈಗಳಿದ್ದರೆ 0.96ನ್ನು ಹನ್ನೆರಡು ಸಲ ಗುಣಿಸಿ ನೋಡಿ: ಕಣ್ಣಿಗೆ ತಲಪುವುದು ಶೇಕಡಾ 61 ಮಾತ್ರ. 1935ರಲ್ಲಿ ಜರ್ಮನಿಯ ಝೈಸ್ ಕಾರ್ಖಾನೆಯ ಅಲೆಕ್ಸಾಂಡರ್ ಸ್ಮಾಕುಲ ಗಾಜಿನ ಮೇಲೆ ಅತಿ ತೆಳುವಾದ ಲೇಪವನ್ನು ಕೊಟ್ಟು ಈ ಪ್ರತಿಫಲನವನ್ನು ಅಡಗಿಸುವ ವಿಧಾನವನ್ನು ಕಂಡುಹಿಡಿದ. ಒಳ್ಳೆಯ ಲೇಪವಿದ್ದು ಪ್ರತಿ ಮೈಯ ನಷ್ಟ ಶೇಕಡಾ ಅರ್ಧಕ್ಕಿಳಿದರೆ ಅದೇ ಹನ್ನೆರಡು ಮೈಗಳನ್ನು ದಾಟಿ ಶೇಕಡಾ 94ರಷ್ಟು ಬೆಳಕು ಬರುತ್ತದೆ. ದುರ್ಬೀನನ್ನು ಆರಿಸುವಾಗ ಹಣವನ್ನು ಮೊದಲು ಖರ್ಚುಮಾಡಬೇಕಾದುದು ಇಲ್ಲಿ ಎಂದು ನಾವು ಹೇಳುತ್ತೇವೆ. ವಸ್ತುಮಸೂರದಲ್ಲಿ ದೀಪದ ನೆರಳನ್ನು ನೋಡಿದರೆ ಅದು ಮಂಕಾಗಿ, ಹಸಿರು ಅಥವಾ ನೇರಿಳೆ ಛಾಯೆಯಲ್ಲಿ ಕಾಣಬೇಕು. ಬೆಳ್ಳಗೆ ಥಳಥಳಿಸಿದರೆ ಲೇಪ ಇಲ್ಲ, ಅಥವಾ ಕಳಪೆ.

ಈಗ ಆ ಸಂಜೆಯ ಕರುವಿನ ವಿಷಯಕ್ಕೆ ಬರೋಣ. 12×25 ಎಂದರೆ ಹನ್ನೆರಡು ಪಟ್ಟು ವರ್ಧನೆ, 25 ಮಿಲಿಮೀಟರು ವ್ಯಾಸದ ವಸ್ತುಮಸೂರ. ಎರಡನೆಯ ಅಂಕೆಯನ್ನು ಮೊದಲನೆಯದರಿಂದ ಭಾಗಿಸಿದರೆ ನೇತ್ರಮಸೂರದಿಂದ ಹೊರಬೀಳುವ ಬೆಳಕಿನ ಬಿಲ್ಲೆಯ ವ್ಯಾಸ ದೊರೆಯುತ್ತದೆ: ಇಲ್ಲಿ 2.1 ಮಿ.ಮೀ. ಏಳು ಪಟ್ಟಿನದರಲ್ಲಿ ಅದು 5 ಮಿ.ಮೀ. ನಡುಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿನಷ್ಟೇ ತೆರೆದಿರುತ್ತದೆ. ಆಗ ಎರಡು ದುರ್ಬೀನುಗಳಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಕತ್ತಲಾದಂತೆ ಪಾಪೆ ಅರಳುತ್ತದೆ. ಹರೆಯದವರಲ್ಲಿ 7 ಮಿ.ಮೀ. ವರೆಗೆ, ವಯಸ್ಸಾದವರಲ್ಲಿ 5ರ ಆಚೀಚೆ. ಅರಳಿದ ಪಾಪೆಗೆ 2.1 ಮಿ.ಮೀ. ಬಿಲ್ಲೆಯನ್ನು ಕೊಟ್ಟರೆ ದೊಡ್ಡ ಬಾಗಿಲನ್ನು ತೆರೆದಿಟ್ಟು ಕಿಂಡಿಯಲ್ಲಿ ಬೆಳಕು ಬಿಟ್ಟಂತೆ. ಬಿಲ್ಲೆಗಳ ವಿಸ್ತೀರ್ಣವನ್ನು ಹೋಲಿಸಿದರೆ ಏಳು ಪಟ್ಟಿನ ದುರ್ಬೀನಿನ ಬಿಂಬ ಸುಮಾರು ಐದೂಮುಕ್ಕಾಲು ಪಟ್ಟು ಹೆಚ್ಚು ಉಜ್ವಲ.

ಕೆಲವು ಬೆಲೆಪಟ್ಟಿಗಳಲ್ಲಿ 'ಮುಸ್ಸಂಜೆಯ ಅಂಕ' ಎಂಬುದೊಂದನ್ನು ಅಚ್ಚುಹಾಕುತ್ತಾರೆ. ವರ್ಧನೆಯನ್ನು ಮಸೂರದ ವ್ಯಾಸದಿಂದ ಗುಣಿಸಿ ವರ್ಗಮೂಲ ತೆಗೆದರೆ ಬರುವ ಸಂಖ್ಯೆ ಅದು. ನಮ್ಮ 12×25ಕ್ಕೆ 17.3, 7×35ಕ್ಕೆ 15.7 ಬರುತ್ತದೆ! ಅಂಕದ ಪ್ರಕಾರ ವಿದ್ಯಾರ್ಥಿಯೇ ಗೆಲ್ಲಬೇಕಾಗಿತ್ತು. ಬಿಲ್ಲೆ ತೀರ ಚಿಕ್ಕದಾದಾಗ ಈ ಅಂಕ ದಾರಿ ತಪ್ಪಿಸುತ್ತದೆ. ಕೈಯ ನಡುಕವನ್ನಂತೂ ಅದು ಎಣಿಸುವುದೇ ಇಲ್ಲ. ಸೂತ್ರವೊಂದು ದೊರೆತಾಕ್ಷಣ ಅದು ಏನನ್ನು ಬಿಟ್ಟಿದೆ ಎಂದು ಕೇಳುವುದು ಒಳ್ಳೆಯ ಅಭ್ಯಾಸ.

ಜರ್ಮನಿಯ ಕಾಡುಗಳಲ್ಲಿ ಕತ್ತಲಲ್ಲಿ ಹಂದಿ ಕಾಯುವವರಿಗೆಂದು 8×56 ಅಳತೆಯ ದುರ್ಬೀನುಗಳನ್ನು ಮಾಡುತ್ತಾರೆ. ಬಿಲ್ಲೆ ಸರಿಯಾಗಿ 7 ಮಿ.ಮೀ. ಅದನ್ನೇ ನಾವೂ ಕೊಳ್ಳಬಾರದೇಕೆ? ಇಲ್ಲಿ ಭೂಗೋಳ ಅಡ್ಡಬರುತ್ತದೆ. ಸೂರ್ಯ ದಿಗಂತದ ಕೆಳಗೆ 6 ಅಂಶ ಇಳಿಯುವವರೆಗಿನ ಸಂಜೆಬೆಳಕು ಬರ್ಲಿನ್ನಿನಲ್ಲಿ ಜೂನ್ ತಿಂಗಳಿನಲ್ಲಿ ಸುಮಾರು 50 ನಿಮಿಷ ಉಳಿಯುತ್ತದೆ. ಹದಿಮೂರೂವರೆ ಅಂಶ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವ ಗೊರವನಹಳ್ಳಿಯಲ್ಲಿ ಸೂರ್ಯ ಬಹುಮಟ್ಟಿಗೆ ನೆಟ್ಟಗೆ ಇಳಿಯುತ್ತಾನೆ. 21ರಿಂದ 24 ನಿಮಿಷಕ್ಕೆ ಎಲ್ಲ ಮುಗಿಯಿತು. ನಿಮಿಷ ನಿಮಿಷಕ್ಕೂ ಓಡಿಹೋಗುವ ಈ ಬೆಳಕಿನಲ್ಲಿ ದೊಡ್ಡ ಗಾಜು ನಮಗೆ ಗಳಿಸಿಕೊಡುವುದು ಕೆಲವೇ ನಿಮಿಷಗಳು. ಅದಕ್ಕೆ ತೆರಬೇಕಾದ ಬೆಲೆ ಅರ್ಧ ಕಿಲೋಗ್ರಾಂ ಹೆಚ್ಚು ತೂಕ.

ಜಯಮಂಗಲಿ ನದಿಯನ್ನು ಅನುಸರಿಸಿ ನಡೆದರೆ ಉಳಿದ ಅಂಶಗಳೂ ತಿಳಿಯಾಗುತ್ತವೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ಈ ನದಿಯ ಮೇಲ್ಭಾಗವೆಲ್ಲ ಬಂಡೆ, ಕುರುಚಲು, ಪೊದೆ. ಇಲ್ಲಿ ಪ್ರಾಣಿ ಕಂಡರೆ ಮೂವತ್ತು ಮೀಟರಿನಲ್ಲಿ ಕಾಣುತ್ತದೆ, ಅದೂ ಎರಡು ಪೊದೆಗಳ ನಡುವಿನ ಸಂದಿಯಲ್ಲಿ. ನಾಲ್ಕು ಪಟ್ಟಿನ ದುರ್ಬೀನಿನಲ್ಲಿ ನೂರು ಮೀಟರಿನ ದೂರದಲ್ಲಿ ಒಂಬತ್ತು ಹತ್ತು ಮೀಟರು ಅಗಲದ ನೋಟ ಸಿಕ್ಕುತ್ತದೆ. ಹನ್ನೆರಡು ಪಟ್ಟಿನದರಲ್ಲಿ ಮೂರು ಮೀಟರು. ಮೂವತ್ತು ಮೀಟರಿಗೆ ಅದು ಒಂದು ಮೀಟರಿಗೂ ಕಡಿಮೆ. ಅಂದರೆ ಎದುರು ನಿಂತ ಚಿರತೆಯ ಬದಲು ಮಚ್ಚೆಯ ತೊಗಲಿನ ಒಂದು ತುಂಡು ಮಾತ್ರ ಕಾಣುತ್ತದೆ. ಅದು ಹೆಗಲೋ ತೊಡೆಯೋ ನಿರ್ಧರಿಸುವಷ್ಟರಲ್ಲಿ ಸಂದಿ ಬರಿದಾಗಿರುತ್ತದೆ. ಗಾಯಗೊಂಡ ಚಿರತೆ ಎಷ್ಟು ಅಪಾಯಕಾರಿ ಎಂಬುದನ್ನು ಆಂಡರ್ಸನ್ನರ ಓದುಗರಿಗೆ ಹೇಳಬೇಕಾಗಿಲ್ಲ.

ನದಿಯ ಕೆಳಪಾತ್ರದ ಕಡೆ, ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯಲ್ಲಿ, ನೆಲ ಪೂರ್ತಿ ಬಯಲು. 2007ರಲ್ಲಿ ಇಲ್ಲಿನ 798 ಎಕರೆ ಹುಲ್ಲುಗಾವಲನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದರು. ಕೃಷ್ಣಮೃಗಗಳು ಮನುಷ್ಯನನ್ನು ಇನ್ನೂರು ಇನ್ನೂರೈವತ್ತು ಮೀಟರಿನಿಂದಲೇ ಅಳೆದು ನೋಡುತ್ತವೆ. ಇಂಥ ಬಯಲಿಗಾದರೂ ಹೆಚ್ಚು ಪಟ್ಟು ಬೇಡವೇ? ನಾಲ್ಕು ಪಟ್ಟಿನ ದುರ್ಬೀನಿನಲ್ಲಿ 250 ಮೀಟರಿನ ಜಿಂಕೆ 62 ಮೀಟರಿನಲ್ಲಿ ಬರಿಗಣ್ಣಿಗೆ ಕಂಡಂತೆ ಕಾಣುತ್ತದೆ. ಕೊಂಬಿನ ಸುರುಳಿಯನ್ನು ಎಣಿಸಲು ಅದು ಸಾಲದಿರಬಹುದು, ಗುರಿಗೆ ಧಾರಾಳವಾಗಿ ಸಾಕು. ಮೇಲಾಗಿ ವರ್ಧನೆ ಜಿಂಕೆಯನ್ನು ಹಿಗ್ಗಿಸುವಷ್ಟೇ ನಿಷ್ಠೆಯಿಂದ ಕೈಯ ನಡುಕವನ್ನೂ ಹಿಗ್ಗಿಸುತ್ತದೆ. ಭಾರವಾದ ಕೋವಿಯ ಜಡತ್ವ ನಡುಕವನ್ನು ಸ್ವಲ್ಪ ನುಂಗಿಕೊಳ್ಳುತ್ತದೆ. ಹಗುರ ಕೋವಿಗೆ ಆ ಗುಣವಿಲ್ಲ. ಮೂರು ಕಿಲೋಗ್ರಾಮಿಗಿಂತ ಕಡಿಮೆ ತೂಕದ ಕೋವಿಯ ಮೇಲೆ ಇಪ್ಪತ್ತನಾಲ್ಕು ಪಟ್ಟು ಕೂಡಿಸಿದವನಿಗೆ ಕಾಣುವುದು ಕುಣಿಯುವ ಕೂಡುಗೆರೆಯೇ.

ಹಗುರ ಕೋವಿಯ ಇನ್ನೊಂದು ದುರ್ಗುಣ ಅದರ ಒದೆತ. ಲೆಕ್ಕವನ್ನು ಮಾಡಿಯೇ ನೋಡೋಣ. ಕಾರ್ಬೆಟ್ಟರ 0.275 ಕೋವಿಯ ವರ್ಗದ ಗುಂಡಿನ ತೂಕ 9 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 840 ಮೀಟರು. ಅದರ ಹಿಂದೆ ಸುಮಾರು 3 ಗ್ರಾಂ ಮದ್ದು ಅನಿಲವಾಗಿ ಇನ್ನೂ ಹೆಚ್ಚಿನ ವೇಗದಿಂದ ಚಿಮ್ಮುತ್ತದೆ. ಎರಡರ ಸಂವೇಗವೂ ಸೇರಿ ಸೆಕೆಂಡಿಗೆ ಸುಮಾರು 11 ಕಿಲೋಗ್ರಾಂ-ಮೀಟರು. ಅಷ್ಟೇ ಸಂವೇಗ ಕೋವಿಗೆ ಹಿಮ್ಮುಖವಾಗಿ ಬರಬೇಕು. ಕೋವಿ 4 ಕಿಲೋಗ್ರಾಮಿನದಾದರೆ ಅದು ಸೆಕೆಂಡಿಗೆ 2.8 ಮೀಟರಿನಂತೆ ಹಿಂದೆಗೆಯುತ್ತದೆ, 2.7 ಕಿಲೋಗ್ರಾಮಿನದಾದರೆ 4.1 ಮೀಟರಿನಂತೆ. ಚಲನಶಕ್ತಿ ಮೊದಲನೆಯದರಲ್ಲಿ ಹೆಚ್ಚುಕಡಮೆ 15 ಜೌಲ್, ಎರಡನೆಯದರಲ್ಲಿ 22ಕ್ಕೂ ಮೇಲೆ. ಒಂದೇ ಗುಂಡು, ಒಂದೇ ಮದ್ದು. ತೂಕ ಇಳಿಸಿದ ತಪ್ಪಿಗೆ ಹೆಗಲಿಗೆ ಒಂದೂವರೆ ಪಟ್ಟು ದಂಡ!

ಹೆಗಲಾದರೂ ಮೆತ್ತಗಿದೆ. ಕಣ್ಣಿನ ಮೇಲಿನ ಹುಬ್ಬಿನ ಮೂಳೆ ಹಾಗಲ್ಲ. ನೇತ್ರಮಸೂರದ ಲೋಹದ ಅಂಚು ಹುಬ್ಬಿಗೆ ಬಡಿದು ಅರ್ಧಚಂದ್ರದ ಗಾಯ ಮಾಡುವುದು ಕೋವಿಯವರ ಲೋಕದಲ್ಲಿ ಪ್ರಸಿದ್ಧವಾದ ಮುದ್ರೆ. ಆದುದರಿಂದ ಪೂರ್ತಿ ನೋಟ ಸಿಕ್ಕಲು ಕಣ್ಣು ಮಸೂರದಿಂದ ಎಷ್ಟು ದೂರದಲ್ಲಿರಬಹುದು ಎಂಬ 'ಕಣ್ಣಿನ ತೆರಪು' ಹಗುರ ಕೋವಿಗೆ ಬಹುಮುಖ್ಯ. ಒಂಬತ್ತು ಸೆಂಟಿಮೀಟರಿಗೆ ಕಡಿಮೆ ಇದ್ದರೆ ಅಂಥ ದುರ್ಬೀನು ಎಷ್ಟೇ ಚೆನ್ನಾಗಿದ್ದರೂ ಬೇಡ. ತೆರಪು ಹೆಚ್ಚಿದರೆ ನೋಟದ ಹರವು ಕುಗ್ಗುತ್ತದೆ, ನಿಜ. ವರ್ಧನೆಯನ್ನು ತಗ್ಗಿಸಿದರೆ ಆ ನಷ್ಟ ತುಂಬಿಬರುತ್ತದೆ.

ಭಾರವಾದ ದುರ್ಬೀನನ್ನು ಕೂಡಿಸಿದರೆ ಒಟ್ಟು ತೂಕ ಹೆಚ್ಚಿ ಒದೆತ ಕಡಿಮೆಯಾಗಬೇಕಲ್ಲವೇ ಎಂದು ಜಾಣ ವಿದ್ಯಾರ್ಥಿಯೊಬ್ಬ ಕೇಳಿಯಾನು. ಕಡಿಮೆಯಾಗುತ್ತದೆ. ಆದರೆ ಆ ತೂಕವನ್ನು ಹಿಂದಕ್ಕೆ ಎಳೆಯಬೇಕಾದುದು ಎರಡು ಬಳೆಗಳು ಮತ್ತು ಕೆಲವು ಸಣ್ಣ ತಿರುಪುಗಳು. ಗುಂಡು ನಳಿಗೆಯೊಳಗಿರುವುದು ಸೆಕೆಂಡಿನ ಸಾವಿರದೊಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕಾಲ. ಅಷ್ಟರಲ್ಲಿ ಕೋವಿ ಸೆಕೆಂಡಿಗೆ ಮೂರು ಮೀಟರಿಗೂ ಮೀರಿದ ವೇಗ ಪಡೆಯಬೇಕಾದರೆ ಅದರ ವೇಗೋತ್ಕರ್ಷ ಗುರುತ್ವದ ಸುಮಾರು 250 ಪಟ್ಟು. ಈ ಸ್ಥೂಲ ಲೆಕ್ಕದಂತೆ 300 ಗ್ರಾಮಿನ ದುರ್ಬೀನು ಆ ಕ್ಷಣದಲ್ಲಿ ತಿರುಪುಗಳನ್ನು 75 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯುತ್ತದೆ. 800 ಗ್ರಾಮಿನದು 200 ಕಿಲೋಗ್ರಾಮಿನಷ್ಟು. ಬಳೆ ಕೂದಲೆಳೆಯಷ್ಟು ಜಾರಿದರೂ ಗುರಿ ಕೆಟ್ಟಿತು. ನೂರು ಮೀಟರಿನಲ್ಲಿ ಕೋನದ ಒಂದು ಕಲೆ 2.9 ಸೆಂಟಿಮೀಟರು ಎಂಬುದನ್ನು ನೆನೆಯಿರಿ. ಅದೂ ಅಲ್ಲದೆ ದಪ್ಪ ಮಸೂರವನ್ನು ನಳಿಗೆಗೆ ತಾಗದಂತೆ ಎತ್ತರಿಸಿ ಕೂಡಿಸಬೇಕಾಗುತ್ತದೆ. ಕೆನ್ನೆ ಹಿಡಿಯನ್ನು ಬಿಟ್ಟು ಮೇಲೇಳುತ್ತದೆ, ಕೋವಿ ಪಕ್ಕಕ್ಕೆ ವಾಲುತ್ತದೆ. ಹಗುರ ಕೋವಿಯನ್ನು ಮಾಡಿದವನ ಶ್ರಮವೆಲ್ಲ ವ್ಯರ್ಥ.

ಪ್ಯಾರಲಾಕ್ಸ್ ಎಂಬ ದೃಗ್ಭೇದದ ವಿಷಯವಾಗಿ ಜಾಹೀರಾತುಗಳು ಹುಟ್ಟಿಸುವಷ್ಟು ಭಯ ಬೇಡ. ನೂರು ಮೀಟರಿಗೆ ಹೊಂದಿಸಿದ 32 ಮಿ.ಮೀ. ಮಸೂರದ ದುರ್ಬೀನಿನಲ್ಲಿ ಕಣ್ಣನ್ನು ಪೂರ್ತಿ ಅಂಚಿಗೆ ಸರಿಸಿ ನೋಡಿದರೂ ಇನ್ನೂರು ಮೀಟರಿನಲ್ಲಿ ತಪ್ಪು 16 ಮಿ.ಮೀ. ಮೀರುವುದಿಲ್ಲ.

ಎಲ್ಲವನ್ನೂ ತೂಗಿ ನೋಡಿದರೆ ನಮ್ಮ ಆಯ್ಕೆ ಸ್ಥಿರ ವರ್ಧನೆಯ 4×32. ಬಿಲ್ಲೆ 8 ಮಿ.ಮೀ.; ಕಣ್ಣು ಸ್ವಲ್ಪ ಆಚೀಚೆ ಸರಿದರೂ ನೋಟ ಕಪ್ಪಾಗುವುದಿಲ್ಲ. ತೂಕ 300 ಗ್ರಾಮಿನ ಒಳಗೆ. ಬದಲಾಗುವ ವರ್ಧನೆಯೇ ಬೇಕೆಂಬವರು 2ರಿಂದ 7ರವರೆಗಿನದನ್ನು ತೆಗೆದುಕೊಳ್ಳಲಿ, ಅದನ್ನು ಸದಾ ಕೆಳಗಿನ ಅಂಕೆಯಲ್ಲೇ ಇಟ್ಟುಕೊಳ್ಳಲಿ. ಚಿರತೆ ಎದುರಾದಾಗ ಏಳರಿಂದ ಎರಡಕ್ಕೆ ತಿರುಗಿಸಲು ವೇಳೆ ಇರುವುದಿಲ್ಲ.

ಚಿರತೆಯ ಮಾತು ಉತ್ಪ್ರೇಕ್ಷೆಯಲ್ಲ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ಇದೇ ತುಮಕೂರು ಜಿಲ್ಲೆಯ ಹೆಬ್ಬೂರು, ಗುಬ್ಬಿ ಸೀಮೆಗಳ ಹಳ್ಳಿಗಳಲ್ಲಿ ಚಿರತೆಯ ದಾಳಿಯಿಂದ ಮಕ್ಕಳೂ ದೊಡ್ಡವರೂ ಸತ್ತರು. ಇಂಥ ಸಂದರ್ಭಗಳಲ್ಲಿ ಬಳಸುವ ಅರಿವಳಿಕೆಯ ಕೋವಿಯೂ ಹಗುರವೇ. ಒದೆತ ಬಲು ಕಡಿಮೆ. ಆದರೆ ಅಲ್ಲಿ ಇನ್ನೊಂದು ತೊಡಕು. ಬಾಣ ಮೂಳೆ ಮುರಿಯಬಾರದು, ಆದುದರಿಂದ ನಿಧಾನವಾಗಿ ಹೋಗಬೇಕು. ವೇಗ ಸೆಕೆಂಡಿಗೆ 60 ಮೀಟರೆಂದು ಇಟ್ಟುಕೊಂಡರೆ ಮೂವತ್ತು ಮೀಟರು ಸಾಗಲು ಅರ್ಧ ಸೆಕೆಂಡು. ಅಷ್ಟರಲ್ಲಿ ಅದು ಗುರುತ್ವಕ್ಕೆ ಸಿಕ್ಕಿ 1.2 ಮೀಟರು ಕೆಳಗಿಳಿಯುತ್ತದೆ. ನಮ್ಮ ಗುಂಡು ನೂರು ಮೀಟರಿಗೆ ಇಳಿಯುವುದು ಏಳೆಂಟು ಸೆಂಟಿಮೀಟರು ಮಾತ್ರ. ಹಾಗಾಗಿ ಬಾಣದ ಕೋವಿಯವನು ದೂರವನ್ನು ಐದು ಮೀಟರು ತಪ್ಪು ಊಹಿಸಿ, ಇಪ್ಪತ್ತೈದೆಂದು ತಿಳಿದು ಮೂವತ್ತಕ್ಕೆ ಹೊಡೆದರೆ, ಬಾಣ ಸುಮಾರು ಇಪ್ಪತ್ತು ಸೆಂಟಿಮೀಟರು ಕೆಳಕ್ಕೆ ಬೀಳುತ್ತದೆ. ತೊಡೆಯ ಸ್ನಾಯುವಿನ ಬದಲು ಕಾಲಿನ ಮೂಳೆ! ಸುತ್ತ ಊರಿನ ಜನ ಕೂಗುತ್ತಿರುವಾಗ ಆಗಬಹುದಾದ ಅನಾಹುತವನ್ನು ಓದುಗರೇ ಊಹಿಸಿಕೊಳ್ಳಬಹುದು. ಅವನಿಗೆ ಬೇಕಾದುದು ದೂರವನ್ನು ಅಳೆಯುವ ಸಾಧನ. ದುರ್ಬೀನು ಎರಡು ಪಟ್ಟಿನದಿದ್ದರೂ ಆದೀತು.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿ ಹೇಳದಿರಲಾರೆವು. ಕೋವಿಯ ದುರ್ಬೀನಿನಿಂದ ಹುಡುಕಬಾರದು. ಅದರಲ್ಲಿ ಏನನ್ನು ನೋಡಿದರೂ ನಳಿಗೆ ಅತ್ತಲೇ ತಿರುಗಿರುತ್ತದೆ. ಪೊದೆಯ ಹಿಂದಿನದು ಸೌದೆ ಆಯುವ ಹೆಂಗಸಾಗಿರಬಹುದು. ಹುಡುಕುವುದಕ್ಕೆ ಕೊರಳಿನಲ್ಲಿ ಜೋಡಿ ದುರ್ಬೀನು ಬೇರೆಯೇ ಇರಬೇಕು. ಮೈದೇನಹಳ್ಳಿಗೆ ಹೋಗುವ ನಮ್ಮ ಓದುಗರಿಗಂತೂ ಅದೊಂದೇ ಸಾಕು. ಅದಕ್ಕೂ ಮೇಲಿನ ಲೆಕ್ಕವೇ: 7×35 ಅಥವಾ 8×40, ಬಿಲ್ಲೆ 5 ಮಿ.ಮೀ.

ಬಿಲ್ಲೆಯನ್ನು ಅಳೆಯುವುದು ಸುಲಭ. ದುರ್ಬೀನನ್ನು ಹಗಲಿನ ಆಕಾಶದತ್ತ, ಸೂರ್ಯನಿಂದ ದೂರಕ್ಕೆ, ತಿರುಗಿಸಿ ಹಿಡಿಯಿರಿ. ನೇತ್ರಮಸೂರದ ಹಿಂದೆ ಒಂದು ಚೂರು ಗ್ರಾಫ್ ಕಾಗದವನ್ನು ಹಿಂದಕ್ಕೂ ಮುಂದಕ್ಕೂ ಸರಿಸಿದರೆ ಒಂದು ಸ್ಥಾನದಲ್ಲಿ ಬೆಳಕಿನ ಬಿಲ್ಲೆ ಅತಿ ಸಣ್ಣದಾಗಿ, ಅಂಚು ಚೂಪಾಗಿ ನಿಲ್ಲುತ್ತದೆ. ಅಲ್ಲಿನ ಮಿಲಿಮೀಟರು ಚೌಕಗಳನ್ನು ಎಣಿಸಿ. ಕಾಗದಕ್ಕೂ ಮಸೂರಕ್ಕೂ ನಡುವಿನ ದೂರವೇ ಕಣ್ಣಿನ ತೆರಪು. ಮರುದಿನ ಬೆಳಿಗ್ಗೆ ನಮ್ಮ ವಿದ್ಯಾರ್ಥಿ ತನ್ನ ಹನ್ನೆರಡು ಪಟ್ಟಿನದನ್ನು ಹೀಗೆ ಅಳೆದ. ಎರಡು ಚೌಕ ತುಂಬಿ ಮೂರನೆಯದಕ್ಕೆ ಬೆಳಕು ಸ್ವಲ್ಪವೇ ಚಾಚಿತ್ತು.